ಧರೆ ಹತ್ತಿದ ಭಾನುವಾರ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಾನು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ, ನೀನು ಅರ್ಧಕ್ಕೇ ಎದ್ದದ್ದನ್ನೂ ಬರೆಯುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ನೀನು ಹೊರಟಾಗ ನನಗೆ ಎಚ್ಚರವಿತ್ತು. ಎದ್ದು ಬರಲಿಲ್ಲ. ಬರಬೇಕಿತ್ತು.

ನೀನು ಹೋದ ಮೇಲೆ ತಮ್ಮ ಅವನ ಫೋನಿನಲ್ಲಿ ಮೋಗ್ಲಿ ಕಾರ್ಟೂನ್ ಹಾಕಿಕೊಟ್ಟ. 'ಅಪ್ಪ, ಅಕ್ಕ ಹೋಗ್ತಿರೋ ಊರಿನವ್ರೇ ಇದನ್ನ ಮಾಡಿದ್ದು' ಅಂದ. ನಿಪ್ಪಾನ್ ಆ್ಯನಿಮೇಷನ್ ಅಂತ ಟೋಕಿಯೊದ ಕಂಪನಿಯಂತೆ. ಅಲ್ಲಿ 1989ರಲ್ಲಿ ಶುರುವಾಗಿ ಒಟ್ಟು 52 ಕಂತು. ನಮ್ಮ ದೂರದರ್ಶನಕ್ಕೆ ಬಂದದ್ದು 1993ರಲ್ಲಿ. ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ, ಬರೆದವರು ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್, ಚಿತ್ರ ಬಿಡಿಸಿದವರು ಜಪಾನಿನವರು. ಅದು ಹಿಂದಿಯಲ್ಲಿ ನಮ್ಮ ಮನೆಗೆ ಬಂದು ನಿನ್ನ ಬಾಯಲ್ಲಿ ಕನ್ನಡವಾಗುತ್ತಿತ್ತು.

ಎಪ್ಪತ್ತೆರಡು ವರ್ಷಕ್ಕೆ ನಾನದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು ಪುಟ್ಟಿ. ಆಗ ಭಾನುವಾರ ಬೆಳಿಗ್ಗೆ ಮನೆ ಹಿಂದಿನ ಧರೆ, ಆ ಮಣ್ಣಿನ ದಿಬ್ಬದ ಮೇಲೆ ಆಂಟೆನಾ ಕಟ್ಟಿದ ಬಿದಿರಿನ ಗಳ ಹಿಡಿದು ನಿಂತಿರುತ್ತಿದ್ದೆ. ನೀನು ಹಿತ್ತಿಲ ಬಾಗಿಲಿಂದ 'ಬಂತು ಅಪ್ಪಾ... ಹೋಯ್ತು... ಇನ್ನೊಂಚೂರು ತಿರುಗ್ಸು' ಅಂತ ಕೂಗುತ್ತಿದ್ದೆ. ಗುಲ್ಜಾರರು ಬರೆದ ಅದರ ಶೀರ್ಷಿಕೆ ಹಾಡಿನಲ್ಲಿ ನಮಗೆಲ್ಲ ಗೊತ್ತಿದ್ದದ್ದು ಚಡ್ಡಿ ಅನ್ನುವ ಪದ ಒಂದೇ. ಆದರೂ ಮಧ್ಯಾಹ್ನ ಊಟಕ್ಕೆ ಕೂತರೆ ನೀನು ಕರಡಿ ಬಾಲೂ ಹೀಗಂದ, ಕರಿಚಿರತೆ ಬಘೀರ ಹಾಗಂದ ಅಂತ ಪೂರ್ತಿ ಕಥೆ ಹೇಳುತ್ತಿದ್ದೆ. ಹುಲಿ ಶೇರ್ ಖಾನ್ ಬಂದಾಗ ಸ್ವರ ದಪ್ಪ ಮಾಡುತ್ತಿದ್ದೆ. ಹಿಂದಿಯ ಶೇರ್ ಖಾನನಿಗೆ ಸ್ವರ ಕೊಟ್ಟವರು ನಾನಾ ಪಾಟೇಕರ್ ಅಂತೆ. ನನ್ನ ಕಿವಿಯಲ್ಲಿ ಉಳಿದದ್ದು ನಿನ್ನ ಸ್ವರವೇ.

ನಾನು ಬರೆಯಲು ಕೂತದ್ದು ಆ ಮಳೆಗಾಲದ ಒಂದು ಭಾನುವಾರದ ಬಗ್ಗೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ, ನಾನು ಬೆಳಿಗ್ಗೆಯೇ ತೋಟಕ್ಕೆ ಇಳಿದಿದ್ದೆ. ಔಷಧಿಗೆ ಬೆರೆಸುವ ಮೈಲುತುತ್ತ ಸಾಲದೆ ಮನೆಗೆ ಬಂದರೆ ನೀನು ಧರೆಯ ತುದಿಯಲ್ಲಿ. ಏಳು ವರ್ಷ ನಿನಗೆ. ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಗಳವನ್ನು ಎರಡೂ ತೋಳಲ್ಲಿ ತಬ್ಬಿ ನಿಂತಿದ್ದೆ. ಮೊಣಕಾಲವರೆಗೆ ಕೆಸರು. ನಿನ್ನ ಕಾಲಡಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಹತ್ತಿ ಬಂದು, ಎಳೆದು ತಂದು, ಹಿತ್ತಿಲ ಮೆಟ್ಟಿಲ ಮೇಲೆ ಎರಡು ಹೊಡೆದೆ. ನೀನು ಅಳಲೂ ಇಲ್ಲ. ಅಷ್ಟರಲ್ಲಿ ಒಳಗಿಂದ ತಮ್ಮ ಕೂಗಿದ: 'ಅಕ್ಕಾ, ಹೋಯ್ತು!'

ಅಲ್ಲಿವರೆಗೂ ಟಿವಿ ಮುಂದೆ ಕೂತಿದ್ದವನು ಅವನು, ನಾಲ್ಕು ವರ್ಷದವನು. ನೀನು ನೋಡಲಿಕ್ಕೆ ಹತ್ತಿದ್ದಲ್ಲ, ಅವನಿಗೆ ತೋರಿಸಲಿಕ್ಕೆ ಹತ್ತಿದ್ದು. ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ ಒಂದು ಮಾತಾಡದೆ ಮೈಲುತುತ್ತ ತೆಗೆದುಕೊಂಡು ತೋಟಕ್ಕೆ ಹೋದೆ. ತಪ್ಪು ನನ್ನದು ಪುಟ್ಟಿ. ಇಷ್ಟು ವರ್ಷ ಹೇಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು.

ಎಂಟು ದಿನಕ್ಕೆ, ರಾತ್ರಿ, ಧರೆಯ ಅದೇ ಮೂಲೆ ಜರಿಯಿತು. ಬೆಳಿಗ್ಗೆ ನೋಡಿದರೆ ಗಳ ಮಣ್ಣಿನಡಿ ಇತ್ತು, ಆಂಟೆನಾದ ಒಂದು ಕಡ್ಡಿ ಮಾತ್ರ ಮೇಲೆ ಕಾಣುತ್ತಿತ್ತು. ನೀವು ಮಕ್ಕಳು ಇನ್ನು ಟಿವಿ ಬರಲ್ಲ ಅಂತ ಅತ್ತಿರಿ. ನಾನು ಗುದ್ದಲಿ ಹಿಡಿದು ನಿಂತೇ ಇದ್ದೆ. ಎಂಟು ದಿನ ಮೊದಲು ಜರಿದಿದ್ದರೆ? ಆ ಎಂಟು ದಿನವನ್ನು ನಾನು ಈಗಲೂ ಎಣಿಸುತ್ತೇನೆ. ನೀನು ಹಾಸ್ಟೆಲಿಗೆ ಹೋದಾಗ ಎಣಿಸಿದೆ, ಬೆಂಗಳೂರಲ್ಲಿ ಒಬ್ಬಳೇ ಮನೆ ಮಾಡಿದಾಗ ಎಣಿಸಿದೆ. ಮೊನ್ನೆ ನೀನು ಟೋಕಿಯೊ ಅಂದಾಗಲೂ ನನ್ನ ಕಣ್ಣಿಗೆ ಬಂದದ್ದು ಆ ಕೆಂಪು ನೀರು. ಬಾಯಿಗೆ ಬಂದದ್ದು ಬೇರೆ ಮಾತು.

ಕಿಪ್ಲಿಂಗರ ಮೂಲ ಕಥೆಯಲ್ಲಿ ಬಘೀರ ಹುಟ್ಟಿದ್ದು ಕಾಡಿನಲ್ಲಲ್ಲ, ಉದಯಪುರದ ಅರಮನೆಯ ಬೋನಿನಲ್ಲಿ. ಅವನ ಗದ್ದದ ಕೆಳಗೆ ಕೂದಲು ಸವೆದ ಜಾಗವಿದೆ, ಕೊರಳಪಟ್ಟಿಯ ಗುರುತು. ಕಾಡಿನಲ್ಲಿ ಯಾರಿಗೂ ತಿಳಿಯದ ಅದನ್ನು ಮೋಗ್ಲಿಗೆ ಮಾತ್ರ ಮುಟ್ಟಿ ನೋಡಲು ಬಿಡುತ್ತಾನೆ. ನನ್ನ ಹತ್ತಿರ ಇರುವ ಅಂಥ ಗುರುತು ಇದೊಂದು.

ಅಲ್ಲಿ ಭೂಕಂಪ ಜಾಸ್ತಿ. ಮನೆ ಯಾವ ವರ್ಷ ಕಟ್ಟಿದ್ದು ಕೇಳು; 1981ರಲ್ಲಿ ಅಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿದ್ದಾರೆ, ಅದಕ್ಕಿಂತ ಹಳೆಯದು ಬೇಡವೇ ಬೇಡ. ಮಂಚದ ಪಕ್ಕ ಚಪ್ಪಲಿ, ಟಾರ್ಚ್, ನೀರು ಇಟ್ಟುಕೋ. ತಲೆ ಮೇಲೆ ಬೀಳುವಂಥ ಕಪಾಟಿನ ಕೆಳಗೆ ಮಲಗಬೇಡ. ನಗುನಗುತ್ತ ಮಾತಾಡಿದವರನ್ನೆಲ್ಲ ನಂಬಬೇಡ; ಬಾಲೂನಂಥ ಕರಡಿ ಟಿವಿಯಲ್ಲಿ ಮಾತ್ರ, ನಮ್ಮ ಕಾಡಿನ ಕರಡಿ ಏನು ಮಾಡುತ್ತದೆ ಅಂತ ನಿನಗೆ ಗೊತ್ತು. ಯಾರಿಗೂ ಸಾಲ ಕೊಡಬೇಡ. ರಾತ್ರಿ ಊಟ ಬಿಡಬೇಡ. ಜ್ವರ ಬಂದರೆ ಮುಚ್ಚಿಡಬೇಡ, ನಿನಗೆ ಆ ಅಭ್ಯಾಸ ಇದೆ. ಅಮ್ಮನಿಗೂ ಇತ್ತು.

ನಿನ್ನೆ ಸೊಸೈಟಿಯಲ್ಲಿ ಅಡಿಕೆ ಮಾತಾಡುತ್ತಿದ್ದವರನ್ನೆಲ್ಲ ನಿಲ್ಲಿಸಿ, ಮಗಳು ಟೋಕಿಯೊಗೆ ಹೊರಟಿದ್ದಾಳೆ, ಕಂಪನಿಯವರೇ ಕೇಳಿ ಕಳಿಸುತ್ತಿದ್ದಾರೆ ಅಂದೆ. ನಿನ್ನ ಮುಂದೆ ಹೇಳಬೇಕಾದದ್ದನ್ನು ಅಲ್ಲಿ ಹೇಳಿ ಬಂದೆ.

ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಅಡುಗೆಮನೆ ಕಟ್ಟೆ ಮೇಲೇ ಬಿಟ್ಟು ಹೋಗಿದ್ದೀಯ. ತಮ್ಮ ಶುಕ್ರವಾರ ಬೆಂಗಳೂರಿಗೆ ಬರುತ್ತಾನೆ, ಈ ಪತ್ರದ ಜೊತೆ ಅವನ ಕೈಯಲ್ಲೇ ಕಳಿಸಿದ್ದೇನೆ. ಬಾಯಿಗೆ ಎರಡು ಪ್ಲಾಸ್ಟಿಕ್ ಕಟ್ಟಿದ್ದೇನೆ, ಬಿಚ್ಚಬೇಡ. ದೊಡ್ಡ ಬ್ಯಾಗಿನಲ್ಲೇ ಇಡು, ನೆಟ್ಟಗೆ.

ನಿನ್ನ,
ಅಪ್ಪ