ಬೀರುವಿನ ಬೀಗ ತೆಗೆಯಿರಿ, ಚಿತ್ರದ ಪುಸ್ತಕ ಮಕ್ಕಳ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಶುರುವಾದಾಗಿನಿಂದ ಪ್ರತಿ ಶನಿವಾರ ಮಕ್ಕಳಿಬ್ಬರನ್ನೂ ನಮ್ಮ ಬಡಾವಣೆಯ ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಕ್ಕಳ ಪುಸ್ತಕಗಳ ಪಕ್ಕದಲ್ಲೇ ಅಲ್ಲೊಂದು ಗಾಜಿನ ಬೀರು ಇದೆ, ಅದಕ್ಕೆ ಬೀಗ. ಒಳಗೆ ದೊಡ್ಡ ದೊಡ್ಡ ಚಿತ್ರಕಾರರ ಬಗ್ಗೆ ಮಕ್ಕಳಿಗೆಂದೇ ಮಾಡಿದ ಏಳೆಂಟು ಪುಸ್ತಕಗಳಿವೆ. ಮೊದಲ ವಾರ ಕೇಳಿದಾಗ, "ಬೆಲೆ ಜಾಸ್ತಿ ಮೇಡಂ, ಮಕ್ಕಳು ಹರಿದು ಹಾಕ್ತಾರೆ, ಆಡಿಟ್‌ನಲ್ಲಿ ಉತ್ತರ ಕೊಡೋರು ನಾವು" ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮಕ್ಕಳ ಪುಸ್ತಕವನ್ನು ಮಕ್ಕಳು ಮುಟ್ಟಬಾರದು ಅಂದರೆ ಅದನ್ನು ತಂದದ್ದಾದರೂ ಯಾಕೆ?

ಮೂರು ವಾರ ಬಿಡದೆ ಕೇಳಿದ ಮೇಲೆ ನನ್ನ ಕಾರ್ಡಿಗೆ ಒಂದು ಪುಸ್ತಕ ಸಿಕ್ಕಿತು. ಅದರಲ್ಲಿ ಮತೀಸ್ ಎಂಬ ಫ್ರೆಂಚ್ ಕಲಾವಿದನ 'ಬಸವನಹುಳು' ಇತ್ತು. ವಯಸ್ಸಾಗಿ, ಕಾಯಿಲೆ ಬಿದ್ದು, ನಿಂತು ಬಣ್ಣ ಹಚ್ಚುವುದು ಕಷ್ಟವಾದಾಗ ಅವನು ಕತ್ತರಿ ಹಿಡಿದು, ಬಣ್ಣ ಬಳಿದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡತೊಡಗಿದ. 1953ರ ಈ ಚಿತ್ರವೂ ಹಾಗೇ ಆದದ್ದು. ಏಳು ವರ್ಷದ ಮಗಳು ನೋಡಿದವಳೇ, "ಅಮ್ಮ, ಇದರಲ್ಲಿ ಹುಳ ಎಲ್ಲಿದೆ, ಸುಮ್ನೆ ಚೂರುಗಳು" ಅಂದಳು. ನಾನೂ ಏನೂ ಹೇಳಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಒಂದೊಂದು ಚೂರಿನ ಮೇಲೆ ಬೆರಳಿಟ್ಟು ಸುತ್ತುತ್ತಾ ಹೋಗಿ, ಚಿಪ್ಪಿನ ಸುರುಳಿ ಸಿಕ್ಕಿದ ಕೂಡಲೇ ಕಿರುಚಿದಳು. ಅವತ್ತು ಸಂಜೆ ಹಳೆಯ ಮದುವೆ ಕಾರ್ಡುಗಳೆಲ್ಲ ಚೂರಾದವು. ಇಡಲೇಬೇಕಾದ ಒಂದೆರಡು ಕಾರ್ಡುಗಳೂ ಹೋದವು, ಇರಲಿ ಬಿಡಿ.

ಪುಸ್ತಕದಲ್ಲಿ ಒಂದು ತೊಂದರೆಯೂ ಇದೆ. ಎಲ್ಲ ಚಿತ್ರವೂ ಒಂದೇ ಅಳತೆಯಲ್ಲಿ ಕಾಣುತ್ತದೆ. ಅದಕ್ಕೆ ನಾವು ಟೈಲರ್ ಟೇಪ್ ತೆಗೆದೆವು. ಬಸವನಹುಳುವಿನ ಚಿತ್ರ ನಿಜದಲ್ಲಿ ಒಂಬತ್ತು ಅಡಿಗೂ ಜಾಸ್ತಿ, ನಮ್ಮ ಹಾಲ್ ಗೋಡೆಯ ಮೇಲೆ ಅಳೆದರೆ ಟೇಪ್ ಫ್ಯಾನಿನ ಮಟ್ಟ ದಾಟಿತು. ಮುಂದಿನ ವಾರದ ಪುಸ್ತಕದಲ್ಲಿ ಜಪಾನಿನ ಹೊಕುಸಾಯ್‌ನ 'ದೊಡ್ಡ ಅಲೆ' ಇತ್ತು. ಅಷ್ಟು ಭಾರಿ ಅಲೆ ಇರುವ ಆ ಚಿತ್ರ ಅಳತೆಯಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ, ಅಷ್ಟೇ. ಮಗನಿಗೆ ನಂಬಿಕೆಯೇ ಬರಲಿಲ್ಲ. ಮೂರು ದೋಣಿ ಎಣಿಸಿದ. ಹಿಂದೆ ಪುಟ್ಟದಾಗಿ ಕಾಣುವುದು ಇನ್ನೊಂದು ಅಲೆಯಲ್ಲ, ಫುಜಿ ಬೆಟ್ಟ ಅಂತ ಗೊತ್ತಾದಾಗ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದ.

ಇನ್ನು ನಮ್ಮ ಮೈಸೂರಿನ ವಿಷಯ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರ ಇದೆಯಲ್ಲ, ಅದನ್ನು ರವಿವರ್ಮನದು ಅಂತಲೇ ನಾನೂ ಬಹಳ ವರ್ಷ ನಂಬಿದ್ದೆ. ಅದು ಎಸ್.ಎಲ್. ಹಳದಣಕರ್ ಅವರದು. ಎದುರಿಗೆ ನಿಲ್ಲಿಸಿಕೊಂಡಿದ್ದು ಸ್ವಂತ ಮಗಳನ್ನೇ, ಅದೂ ಜಲವರ್ಣ. ಹೋದ ತಿಂಗಳು ಕರೆಂಟ್ ಹೋದಾಗ ನನ್ನ ಮಗಳು ದೀಪಕ್ಕೆ ಕೈ ಅಡ್ಡ ಇಟ್ಟು, ಬೆರಳಿನ ಅಂಚು ಕೆಂಪಾಗಿದ್ದನ್ನು ತೋರಿಸಿ "ಅರಮನೆ ಚಿತ್ರದಲ್ಲೂ ಹೀಗೇ ಇದೆ ಅಲ್ವಾ?" ಅಂದಳು. ಮೊದಲೊಮ್ಮೆ ಅರಮನೆಗೆ ಕರೆದುಕೊಂಡು ಹೋಗಿದ್ದಾಗ ಹತ್ತೇ ನಿಮಿಷಕ್ಕೆ ಕಾಲು ನೋವು ಅಂದಿದ್ದವಳು ಇವಳೇ. ಪುಸ್ತಕಗಳಲ್ಲಿ ನೋಡುವುದನ್ನು ಕಲಿತ ಮೇಲೆ ಹೋದಾಗ ಆ ಚಿತ್ರದ ಮುಂದಿನಿಂದ ಎಳೆದುಕೊಂಡು ಬರಬೇಕಾಯಿತು.

ನನಗೆ ಬೇಜಾರಾಗುವುದು ಇಲ್ಲಿ. ಆ ಬೀರುವಿನಲ್ಲಿ ವ್ಯಾನ್ ಗೋ ಇದ್ದಾನೆ, ಪಿಕಾಸೊ ಇದ್ದಾನೆ, ಇರಲಿ, ಸಂತೋಷ. ನಮ್ಮವರು ಒಬ್ಬರೂ ಇಲ್ಲ. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ನಾಲ್ಕು ಗೆರೆ ಎಳೆದರೆ ಕುಣಿಯುವವರು ಎದ್ದು ಬರುತ್ತಾರೆ, ಪೆನ್ಸಿಲ್ ಹಿಡಿದ ಯಾವ ಮಗುವಿಗೂ ಅದು ಅರ್ಥವಾಗುತ್ತದೆ. ಮೈಸೂರಿನಲ್ಲೇ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತವರು, ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರು, ಅದರ ಜೊತೆಗೆ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತವರು. ಮಕ್ಕಳಿಗೆ ಹೇಳಲು ಇದಕ್ಕಿಂತ ಚೆಂದದ ಕಥೆ ಬೇಕಾ? ಇಂಥವರ ಮೇಲೆ ಕನ್ನಡದಲ್ಲಿ ಒಳ್ಳೆಯ ಮುದ್ರಣದ ಮಕ್ಕಳ ಪುಸ್ತಕಗಳನ್ನು ಇಲಾಖೆಯೇ ಮುಂದೆ ನಿಂತು ಮಾಡಿಸಲಿ, ಪ್ರತಿ ಶಾಖೆಗೂ ಎರಡೆರಡು ಪ್ರತಿ ಕೊಡಲಿ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿ ಮೇಲೆ 6 ರೂಪಾಯಿ ಗ್ರಂಥಾಲಯ ಕರವೂ ಹೋಗುತ್ತದೆ. ಹಾಗಾಗಿ ಇದು ದಾನ ಕೇಳಿದಂತೆ ಅಲ್ಲ.

ಶಿಕ್ಷಕರಿಗೂ ಪೋಷಕರಿಗೂ ಒಂದು ಮಾತು. ಪುಸ್ತಕ ಸಿಕ್ಕಿದರೆ ದಯವಿಟ್ಟು ಅದನ್ನು ಜಿಕೆ ಪಾಠ ಮಾಡಬೇಡಿ. ವ್ಯಾನ್ ಗೋ ಅಂದರೆ ನಮ್ಮ ಮಕ್ಕಳಿಗೆ ಕಿವಿ ಕೊಯ್ದುಕೊಂಡವನು ಅಂತ ಮಾತ್ರ ಗೊತ್ತು, ಆ ಸೂರ್ಯಕಾಂತಿಯಲ್ಲಿ ಹೂವೂ ಹಳದಿ, ಹೂದಾನಿಯೂ ಹಳದಿ, ಹಿಂದಿನ ಗೋಡೆಯೂ ಹಳದಿ, ಆದರೂ ಎಲ್ಲ ಬೇರೆ ಬೇರೆಯಾಗಿ ಹೇಗೆ ಕಾಣುತ್ತವೆ ಅಂತ ಯಾರೂ ಕೇಳುವುದಿಲ್ಲ.

ಹರಿಯುವ ಭಯಕ್ಕೆ ಸೆಲೋಟೇಪ್ ಇದೆ, ದಪ್ಪ ಪ್ಲಾಸ್ಟಿಕ್ ಹೊದಿಕೆ ಇದೆ. ಬೇಕಾದರೆ ನಾನೇ ಬಂದು ಬೈಂಡ್ ಹಾಕಿಕೊಡುತ್ತೇನೆ. ಬಸವನಹುಳುವಿನ ಪುಸ್ತಕವನ್ನು ಎರಡು ಸಲ ರಿನ್ಯೂ ಮಾಡಿಸಿ ಆಯ್ತು, ಈ ಶನಿವಾರ ವಾಪಸ್ ಕೊಡಲೇಬೇಕು. ನಿನ್ನೆಯಿಂದ ಅದು ಎಲ್ಲೂ ಕಾಣುತ್ತಿಲ್ಲ. ಮಗಳ ಹಾಸಿಗೆಯ ಕೆಳಗೆ ಒಮ್ಮೆ ಹುಡುಕಬೇಕು.

ಇಂತಿ,
ಇಬ್ಬರು ಮಕ್ಕಳ ತಾಯಿ, ಮೈಸೂರು