ರಷ್ಯಾದ ತೆರಿಗೆ ವಕೀಲರು ನೋಟಿಸ್ ಬಂದ ಮೇಲಲ್ಲ, ಕರಾರಿಗೆ ಮೊದಲೇ ಬೇಕು

ಮಾನ್ಯ ಸಂಪಾದಕರೇ,

ರಷ್ಯಾದ ಜೊತೆಗಿನ ವ್ಯಾಪಾರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ರೂಪಾಯಿ-ರೂಬಲ್ ಪಾವತಿಯ ತೊಡಕು, ಬ್ಯಾಂಕುಗಳ ಹಿಂಜರಿಕೆ, ಸರಕು ಸಾಗಣೆಯ ಹಾದಿ ಮುಂತಾದವನ್ನು ವಿವರವಾಗಿಯೇ ಚರ್ಚಿಸುತ್ತವೆ. ಆದರೆ ಅಲ್ಲಿ ಅಂಗಸಂಸ್ಥೆ ತೆರೆದ, ಅಥವಾ ಅಲ್ಲಿನವರಿಗೆ ತಂತ್ರಜ್ಞಾನದ ಪರವಾನಗಿ ಕೊಟ್ಟ ಉದ್ಯಮವೊಂದು ಅಲ್ಲಿನ ತೆರಿಗೆ ಅಧಿಕಾರಿಗಳಿಗೆ ಉತ್ತರ ಕೊಡಬೇಕಾಗಿ ಬಂದಾಗ ಅದರ ಪರವಾಗಿ ಮಾತನಾಡುವವರು ಯಾರು, ಅವರು ಯಾವ ಹಂತದಿಂದ ಜೊತೆಗಿರಬೇಕು ಎಂಬುದು ಚರ್ಚೆಗೆ ಬರುವುದೇ ಅಪರೂಪ. ತೆರಿಗೆ ವಕೀಲರನ್ನು ತಪಾಸಣೆಯ ನೋಟಿಸ್ ಕೈಗೆ ಬಂದ ಮೇಲೆ ಹುಡುಕುವ ರೂಢಿ ರಷ್ಯಾದ ಮಟ್ಟಿಗೆ ಬಹಳ ದುಬಾರಿ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ.

ಅಲ್ಲಿನ ಕಾನೂನು ಸ್ಥಿರವಾಗಿ ನಿಂತಿಲ್ಲ. ಬಹುಕಾಲ ಶೇ 20ರಷ್ಟಿದ್ದ ಕಂಪನಿಗಳ ಲಾಭ ತೆರಿಗೆ 2025ರ ಜನವರಿ 1ರಿಂದ ಶೇ 25ಕ್ಕೆ ಏರಿತು. ಮೌಲ್ಯವರ್ಧಿತ ತೆರಿಗೆ 2019ರಲ್ಲಿ ಶೇ 18ರಿಂದ 20ಕ್ಕೆ, 2026ರಲ್ಲಿ ಶೇ 22ಕ್ಕೆ ಹೋಯಿತು. ದರಗಳನ್ನಾದರೂ ಯಾರು ಬೇಕಾದರೂ ಓದಿ ತಿಳಿಯಬಹುದು. ವಿವಾದಗಳು ಹುಟ್ಟುವ ಜಾಗ ಬೇರೆ.

ಅಲ್ಲಿ ವಾಣಿಜ್ಯ ವ್ಯಾಜ್ಯಗಳಿಗೆ ಅತ್ಯುನ್ನತ ನ್ಯಾಯಾಲಯವಾಗಿದ್ದ ಸರ್ವೋಚ್ಚ ಆರ್ಬಿಟ್ರಾಜ್ ನ್ಯಾಯಾಲಯ 2006ರ ಅಕ್ಟೋಬರ್‌ನಲ್ಲಿ ಹೊರಡಿಸಿದ 53ನೇ ನಿರ್ಣಯ ‘ಸಮರ್ಥನೆಯಿಲ್ಲದ ತೆರಿಗೆ ಲಾಭ’, ಅಂದರೆ ನಿಜವಾದ ವ್ಯಾಪಾರದ ಉದ್ದೇಶವಿಲ್ಲದೆ ಪಡೆದ ತೆರಿಗೆ ಉಳಿತಾಯ, ಎಂಬ ಪರಿಕಲ್ಪನೆಯನ್ನು ನೆಲೆಗೊಳಿಸಿತು. 2017ರ ಆಗಸ್ಟ್‌ನಲ್ಲಿ ತೆರಿಗೆ ಸಂಹಿತೆಗೆ ಸೇರಿದ 54.1ನೇ ವಿಧಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ವ್ಯವಹಾರದ ಮುಖ್ಯ ಉದ್ದೇಶ ತೆರಿಗೆ ಉಳಿಸುವುದಾಗಿರಬಾರದು, ಜೊತೆಗೆ ಕರಾರಿನಲ್ಲಿ ಹೆಸರಿರುವವರೇ, ಅಥವಾ ಕಾನೂನಿನ ಪ್ರಕಾರ ಹೊಣೆ ವರ್ಗಾವಣೆಯಾದವರೇ ಆ ಕೆಲಸ ಮಾಡಿರಬೇಕು. ಕಾಗದದ ಮೇಲೆ ನೋಡಿದರೆ ಇದು ಸರಳ. ತಪಾಸಣೆ ಶುರುವಾದಾಗ ಮಾತ್ರ ಇದರ ತೂಕ ತಿಳಿಯುತ್ತದೆ. ತನಿಖಾಧಿಕಾರಿ ಮೊದಲು ಕರೆಸುವುದು ನಿರ್ದೇಶಕರನ್ನೇ ಆಗಬೇಕೆಂದಿಲ್ಲ, ಗೋದಾಮಿನ ಉಸ್ತುವಾರಿಯನ್ನೂ ಲಾರಿ ಚಾಲಕರನ್ನೂ ಸಾಕ್ಷಿಗಳಾಗಿ ಕರೆಸಬಹುದು. ಈ ಸರಕು ಯಾರ ಕಡೆಯಿಂದ ಬಂತು, ಯಾವ ವಾಹನದಲ್ಲಿ ಬಂತು, ಇಳಿಸಿಕೊಂಡವರು ಯಾರು, ಪೂರೈಕೆದಾರರ ಪ್ರತಿನಿಧಿಯನ್ನು ನೀವು ಎಂದಾದರೂ ಕಂಡಿದ್ದೀರಾ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ‘ನೆನಪಿಲ್ಲ’ ಎಂಬ ಒಂದು ಮಾತು ಆ ಹಾಳೆಯ ಮೇಲೆ ಬಿದ್ದರೆ, ಅದು ವರ್ಷಗಳ ನಂತರ ನ್ಯಾಯಾಲಯದಲ್ಲಿ ಕಂಪನಿಯ ವಿರುದ್ಧ ಓದಿ ಹೇಳುವ ಸಾಲಾಗುತ್ತದೆ. ಗೇಟ್ ಪಾಸ್, ಸಾಗಣೆ ರಸೀದಿ, ದಾಸ್ತಾನು ಪುಸ್ತಕ, ಪೂರೈಕೆದಾರರನ್ನು ಆಯ್ಕೆ ಮಾಡುವಾಗ ನಡೆದ ಪತ್ರವ್ಯವಹಾರ ಇವೆಲ್ಲವನ್ನೂ ಸರಕು ಬಂದ ದಿನವೇ ಜೋಡಿಸಿಡಬೇಕೆಂದು ಮುಂಚಿತವಾಗಿ ಹೇಳಿಕೊಡುವ ವಕೀಲರಿದ್ದರೆ ಈ ಸ್ಥಿತಿ ಬರುವುದಿಲ್ಲ. ಮೂರು ವರ್ಷಗಳ ಹಿಂದಿನ ಕಾಗದವನ್ನು ಇವತ್ತು ಹುಟ್ಟಿಸಲಾಗದು, ಹುಟ್ಟಿಸಲೂಬಾರದು.

ಇನ್ನೊಂದು ಕಠಿಣ ಆಯ್ಕೆಯೂ ಇದೇ ವಿಧಿಯಿಂದ ಎದುರಾಗುತ್ತದೆ. ಬಿಲ್ ಕೊಟ್ಟ ಕಂಪನಿ ಬರೀ ಹೆಸರಿಗಷ್ಟೇ ಇತ್ತು, ಸರಕನ್ನು ನಿಜವಾಗಿ ಪೂರೈಸಿದವರು ಬೇರೆಯವರು ಎಂದು ಅಧಿಕಾರಿಗಳು ಹೇಳಿದಾಗ, ಕಂಪನಿ ತೆತ್ತ ವೆಚ್ಚದಲ್ಲಿ ಒಂದು ಪಾಲನ್ನಾದರೂ ತೆರಿಗೆ ಲೆಕ್ಕದಲ್ಲಿ ಒಪ್ಪಿಸಿಕೊಳ್ಳುವ ದಾರಿಯನ್ನು ‘ತೆರಿಗೆ ಪುನರ್‌ರಚನೆ’ ಎನ್ನುತ್ತಾರೆ. 2021ರ ಮಾರ್ಚ್‌ನಲ್ಲಿ ರಷ್ಯಾದ ತೆರಿಗೆ ಇಲಾಖೆಯಾದ ಫೆಡರಲ್ ತೆರಿಗೆ ಸೇವೆ ಹೊರಡಿಸಿದ ಸುತ್ತೋಲೆಯೂ ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಮಾನಗಳೂ ಅದಕ್ಕೆ ಅವಕಾಶ ಕೊಟ್ಟವು. ಆದರೆ ನಿಜವಾದ ಪೂರೈಕೆದಾರ ಯಾರೆಂದು ತೋರಿಸಿಕೊಡುವ ಭಾರ ಕಂಪನಿಯ ಮೇಲೆಯೇ ಬೀಳುತ್ತದೆ. ತೋರಿಸಿಕೊಟ್ಟರೆ ಮೊದಲಿನ ಬಿಲ್ ಸುಳ್ಳೆಂದು ತಾನೇ ಒಪ್ಪಿಕೊಂಡಂತೆ, ಸುಮ್ಮನಿದ್ದರೆ ಇಡೀ ವೆಚ್ಚ ಕೈಬಿಟ್ಟಂತೆ. ಉದ್ದೇಶಪೂರ್ವಕ ಎಂದು ತೀರ್ಮಾನವಾದರೆ ದಂಡ ಬಾಕಿ ತೆರಿಗೆಯ ಶೇ 20ರ ಬದಲು ಶೇ 40 ಆಗುತ್ತದೆ. ಮೂರು ಆರ್ಥಿಕ ವರ್ಷಗಳಲ್ಲಿ ಬಾಕಿ 1.875 ಕೋಟಿ ರೂಬಲ್ ದಾಟಿದರೆ ದಂಡ ಸಂಹಿತೆಯ 199ನೇ ವಿಧಿಯ ಕ್ರಿಮಿನಲ್ ಮೊಕದ್ದಮೆಯ ಸಾಧ್ಯತೆಯೂ ತೆರೆದುಕೊಳ್ಳುತ್ತದೆ. ಹೀಗಾಗಿ ತೆರಿಗೆ ಗೊತ್ತಿದ್ದು ಕ್ರಿಮಿನಲ್ ಕಾನೂನು ಗೊತ್ತಿಲ್ಲದ ಸಲಹೆಗಾರರ ಒಂದು ಪತ್ರ ಮುಂದೆ ನಿರ್ದೇಶಕರ ಕೊರಳಿಗೆ ಸುತ್ತಿಕೊಳ್ಳಬಹುದು.

ಕಾಲಮಿತಿಗಳನ್ನೂ ಗಮನಿಸಬೇಕು. ತಪಾಸಣಾ ವರದಿ ಕೈಸೇರಿದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಿಗುವುದು ಒಂದು ತಿಂಗಳು, ತೀರ್ಮಾನ ಬಂದ ಮೇಲೆ ಮೇಲಿನ ತೆರಿಗೆ ಕಚೇರಿಗೆ ಮನವಿ ಸಲ್ಲಿಸಲೂ ಒಂದೇ ತಿಂಗಳು. ಈ ಮೆಟ್ಟಿಲನ್ನು ಹತ್ತದೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಆಮೇಲೆ ಆರ್ಬಿಟ್ರಾಜ್ ನ್ಯಾಯಾಲಯಕ್ಕೆ ಹೋಗಲು ಮೂರು ತಿಂಗಳಿದೆ. ಆರ್ಬಿಟ್ರಾಜ್ ಎಂದರೆ ಖಾಸಗಿ ಮಧ್ಯಸ್ಥಿಕೆಯಲ್ಲ, ವಾಣಿಜ್ಯ ವ್ಯಾಜ್ಯಗಳಿಗೆಂದೇ ಇರುವ ಸರ್ಕಾರಿ ನ್ಯಾಯಾಲಯ. ಮೇಲಿನ ತೆರಿಗೆ ಕಚೇರಿಗೆ ಮನವಿ ಸಲ್ಲಿಸುವಾಗ ಹೊಸ ದಾಖಲೆ ಕೊಡುವವರು ಅದನ್ನು ಮೊದಲೇ ಏಕೆ ಕೊಡಲಿಲ್ಲವೆಂದು ಕಾರಣ ಹೇಳಬೇಕು. ಸಕಾರಣವಿಲ್ಲದೆ ದಾಖಲೆಯನ್ನು ನ್ಯಾಯಾಲಯದಲ್ಲಷ್ಟೇ ಹೊರತೆಗೆದರೆ, ಗೆದ್ದ ಕಂಪನಿಯ ಮೇಲೂ ಮೊಕದ್ದಮೆಯ ವೆಚ್ಚ ಹೊರಿಸಲು ಅವಕಾಶವಿದೆ. ಇನ್ನು 2023ರಿಂದ ಜಾರಿಯಲ್ಲಿರುವ ಏಕೀಕೃತ ತೆರಿಗೆ ಖಾತೆಯ ವ್ಯವಸ್ಥೆಯಲ್ಲಿ, ತೀರ್ಮಾನ ಜಾರಿಗೆ ಬಂದೊಡನೆ ಬಾಕಿ ಆ ಖಾತೆಯಲ್ಲೇ ಕಾಣಿಸಿಕೊಂಡು ವಸೂಲಿ ಆರಂಭವಾಗುತ್ತದೆ. ನ್ಯಾಯಾಲಯದಿಂದ ತಾತ್ಕಾಲಿಕ ತಡೆ ಕೋರುವ ಅರ್ಜಿ ಆ ಹೊತ್ತಿಗೆ ಸಿದ್ಧವಿರದಿದ್ದರೆ, ಗೆಲ್ಲಬಹುದಾದ ಪ್ರಕರಣದಲ್ಲೂ ದುಡಿಯುವ ಬಂಡವಾಳ ಮೊದಲೇ ಹೊರಟುಹೋಗಿರುತ್ತದೆ.

ಈ ಆಂತರಿಕ ಹಾದಿ ತಪ್ಪಿದರೆ ಹೊರಗೆ ಹೋಗಲು ಈಗ ಬಾಗಿಲಿಲ್ಲ. ಯುಕೋಸ್ ತೈಲ ಕಂಪನಿಯ ತೆರಿಗೆ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ರಷ್ಯಾದ ವಿರುದ್ಧ ತೀರ್ಪು ಕೊಟ್ಟು, 2014ರಲ್ಲಿ ಷೇರುದಾರರಿಗೆ ಸುಮಾರು 186 ಕೋಟಿ ಯೂರೊ ಪರಿಹಾರ ಗೊತ್ತುಮಾಡಿತ್ತು. 2022ರ ಸೆಪ್ಟೆಂಬರ್‌ನಿಂದ ರಷ್ಯಾ ಆ ಮಾನವ ಹಕ್ಕುಗಳ ಒಡಂಬಡಿಕೆಯಲ್ಲೇ ಇಲ್ಲ.

ಹಾಗಾದರೆ ಯಾರನ್ನು ನೇಮಿಸಿಕೊಳ್ಳಬೇಕು? ಲಿಂಕ್‌ಲೇಟರ್ಸ್, ಫ್ರೆಶ್‌ಫೀಲ್ಡ್ಸ್, ಅಲೆನ್ ಅಂಡ್ ಓವರಿಯಂಥ ಲಂಡನ್ ಮೂಲದ ಸಂಸ್ಥೆಗಳು 2022ರಲ್ಲಿ ಮಾಸ್ಕೋ ಬಿಟ್ಟವು. ನಾಲ್ಕು ದೊಡ್ಡ ಲೆಕ್ಕಪರಿಶೋಧನಾ ಜಾಲಗಳಿಂದ ಬೇರೆಯಾದ ಸ್ಥಳೀಯ ತಂಡಗಳು ಟೆಖ್ನೊಲೊಗಿ ದೊವೆರಿಯಾ, ಬಿ1, ಕೆಪ್ಟ್ ಮುಂತಾದ ಹೆಸರುಗಳಲ್ಲಿ ಮುಂದುವರಿದವು. ಐರೋಪ್ಯ ಒಕ್ಕೂಟ 2022ರ ಜೂನ್‌ನಲ್ಲಿ ತೆರಿಗೆ ಸಲಹೆಯನ್ನೂ ಅಕ್ಟೋಬರ್‌ನಲ್ಲಿ ಕಾನೂನು ಸಲಹೆಯನ್ನೂ ರಷ್ಯಾದ ಕಂಪನಿಗಳಿಗೆ ಕೊಡದಂತೆ ನಿರ್ಬಂಧಿಸಿತು. ಈಗ ಉಳಿದಿರುವವರಲ್ಲಿ ಅನುಭವಿಗಳು ಬಹಳ ಮಂದಿ ಇದ್ದಾರೆ. ಆದರೆ ಸಂಸ್ಥೆಯ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ನಮ್ಮ ಪ್ರಕರಣ ನೋಡುವವರು ಅಲ್ಲಿನ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾದ ‘ಅಡ್ವೊಕಾಟ್’ ಹೌದೇ ಎಂಬುದು. ಆರ್ಬಿಟ್ರಾಜ್ ನ್ಯಾಯಾಲಯದಲ್ಲಿ ವಾದಿಸಲು ಕಾನೂನು ಪದವಿ ಇದ್ದರೆ ಸಾಕು, ಅಡ್ವೊಕಾಟ್ ಆಗಿರಬೇಕಿಲ್ಲ. ಕಕ್ಷಿದಾರರ ಗುಟ್ಟು ಕಾಯುವ ರಕ್ಷಣೆಯನ್ನು 2002ರ ಕಾಯ್ದೆ ಕೊಟ್ಟಿರುವುದು ಮಾತ್ರ ಅಡ್ವೊಕಾಟರಿಗೆ. ಲೆಕ್ಕಪರಿಶೋಧಕರಿಂದಲಂತೂ ಕೆಲವು ಸಂದರ್ಭಗಳಲ್ಲಿ ದಾಖಲೆ ಕೇಳಿ ಪಡೆಯುವ ಅಧಿಕಾರ 2019ರಿಂದ ತೆರಿಗೆ ಇಲಾಖೆಗಿದೆ. ‘ನಮ್ಮ ದೌರ್ಬಲ್ಯ ಇಲ್ಲಿದೆ’ ಎಂದು ಮುಕ್ತವಾಗಿ ಬರೆದ ಟಿಪ್ಪಣಿ ಯಾರ ಕಪಾಟಿನಲ್ಲಿದೆ ಎಂಬುದರ ಮೇಲೆಯೇ ಎಷ್ಟೋ ಸಲ ಪ್ರಕರಣದ ಭವಿಷ್ಯ ನಿಲ್ಲುತ್ತದೆ.

ಭಾರತದ ಉದ್ಯಮಿಗಳಿಗೆ ಇನ್ನೊಂದು ವಿಷಯ ಮುಖ್ಯ. 2023ರ ಆಗಸ್ಟ್‌ನಲ್ಲಿ ರಷ್ಯಾದ ಅಧ್ಯಕ್ಷರು 585ನೇ ಆದೇಶದ ಮೂಲಕ 38 ದೇಶಗಳೊಂದಿಗಿನ ದ್ವಿತೆರಿಗೆ ತಡೆ ಒಪ್ಪಂದಗಳ ಪ್ರಮುಖ ವಿಧಿಗಳನ್ನು ಅಮಾನತಿನಲ್ಲಿಟ್ಟರು. ಆ ಪಟ್ಟಿಯಲ್ಲಿ ಭಾರತ ಇಲ್ಲ, 1997ರಲ್ಲಿ ಸಹಿಯಾದ ಒಪ್ಪಂದದಂತೆ ರಾಯಲ್ಟಿಯ (ತಂತ್ರಜ್ಞಾನದ ಪರವಾನಗಿ ಮುಂತಾದವಕ್ಕೆ ಸಿಗುವ ಹಣದ) ಮೇಲಿನ ತೆರಿಗೆ ಶೇ 10. ಒಪ್ಪಂದದ ನೆರವು ಸಿಗದಿದ್ದರೆ ಈಗಿನ ಸಾಮಾನ್ಯ ದರ ಶೇ 25. ಅಂದರೆ ಒಂದು ಕೋಟಿ ರೂಬಲ್ ರಾಯಲ್ಟಿಯಲ್ಲಿ ವ್ಯತ್ಯಾಸ ಹದಿನೈದು ಲಕ್ಷ ರೂಬಲ್. ಕಡಿಮೆ ದರ ಬೇಕಾದರೆ ತಾವು ಭಾರತದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರವೂ, ಆ ಆದಾಯಕ್ಕೆ ನಿಜವಾದ ಹಕ್ಕುದಾರರು ತಾವೇ ಎಂಬುದಕ್ಕೆ ದಾಖಲೆಯೂ ಪಾವತಿಗೆ ಮೊದಲೇ ರಷ್ಯಾದಲ್ಲಿ ಹಣ ಪಾವತಿಸುವವರ ಕೈಯಲ್ಲಿರಬೇಕು. ಹಣ ಬಂದ ಮೇಲೆ ಈ ಕಾಗದಗಳಿಗಾಗಿ ಓಡಾಡುವ ಕಂಪನಿ, ಮರುಪಾವತಿಯ ಅರ್ಜಿ ಹಿಡಿದು ಬಹುಕಾಲ ಕಾಯಬೇಕಾಗುತ್ತದೆ.

ದೊಡ್ಡ ಕಂಪನಿಗಳು ಇದನ್ನೆಲ್ಲ ತಮ್ಮ ಖರ್ಚಿನಲ್ಲೇ ನಿಭಾಯಿಸಿಕೊಳ್ಳುತ್ತವೆ. ಮೊದಲ ಬಾರಿಗೆ ರಷ್ಯಾದತ್ತ ಹೊರಟ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಆ ಶಕ್ತಿ ಇರುವುದಿಲ್ಲ. ಆದ್ದರಿಂದ ರಫ್ತು ಉತ್ತೇಜನ ಮಂಡಳಿಗಳೂ ವಾಣಿಜ್ಯ ಸಂಘಗಳೂ ರಷ್ಯಾಕ್ಕೆ ನಿಯೋಗ ಕರೆದೊಯ್ಯುವ ಮುನ್ನ ಅಲ್ಲಿನ ಅಡ್ವೊಕಾಟರೊಬ್ಬರಿಂದ ಕರಾರಿನ ಮಾದರಿ, ಪೂರೈಕೆದಾರರ ಪರಿಶೀಲನಾ ಪಟ್ಟಿ, ಕಾಲಮಿತಿಗಳ ಕೋಷ್ಟಕ ಇಷ್ಟನ್ನಾದರೂ ಸಿದ್ಧಪಡಿಸಿ, ಸದಸ್ಯರಿಗೆ ಅವರ ಭಾಷೆಯಲ್ಲೇ ಹಂಚಬೇಕೆಂದು ಒತ್ತಾಯಿಸುತ್ತೇನೆ. ಇದರ ವೆಚ್ಚವನ್ನು ಹತ್ತಾರು ಉದ್ಯಮಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಇಂತಿ,
ಅಂತರರಾಷ್ಟ್ರೀಯ ತೆರಿಗೆ ವಿಷಯಗಳ ಆಸಕ್ತ ಓದುಗ