ಮುಂದಿನ ತಿಂಗಳಿಂದ ಒಂದು ತಂಡಕ್ಕೆ ಆರೇ ಬೈಕು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ತಿಂಗಳಿಗೊಂದು ಭಾನುವಾರ ನಮ್ಮ ಗ್ಯಾರೇಜಿನಿಂದ ಹೊರಡುವ ಸವಾರಿಯ ಕ್ರಮ ಮುಂದಿನ ತಿಂಗಳಿಂದ ಬದಲಾಗುತ್ತದೆ. ಇಪ್ಪತ್ತು, ಇಪ್ಪತ್ತೈದು ಬೈಕುಗಳು ಒಂದೇ ಸಾಲಿನಲ್ಲಿ ಹೋಗುವುದು ನಿಲ್ಲುತ್ತದೆ. ಒಂದು ತಂಡಕ್ಕೆ ಆರು ಬೈಕು, ತಂಡದಿಂದ ತಂಡಕ್ಕೆ 15 ನಿಮಿಷ ಅಂತರ. ಸಾಲಿನ ಹಿಂದೆ ಬರುತ್ತಿದ್ದ ಸಾಮಾನಿನ ಗಾಡಿ ಇನ್ನು ಬರುವುದಿಲ್ಲ. ಅದರ ಬದಲು ಶನಿವಾರವೇ ಪ್ರತಿ ಬೈಕಿಗೂ ಪೂರ್ತಿ ತಪಾಸಣೆ ಮಾಡುತ್ತೇವೆ. ತಪಾಸಣೆಗೆ 350 ರೂಪಾಯಿ. ಒಬ್ಬರೇ ದೂರ ಹೋಗುವವರಿಗೂ ಇದೇ ತಪಾಸಣೆ, ಇದೇ ದರ.

ಗಾಡಿ ನಿಲ್ಲಿಸಿದ್ದು ಖರ್ಚು ಉಳಿಸಲು ಅಲ್ಲ. ಒಂಟಿಯಾಗಿ ಹೊರಡುವವರು ಹಿಂದಿನ ದಿನವೇ ಗಾಳಿ, ಚೈನು, ಕೇಬಲ್ ನೋಡಿಸಿಕೊಳ್ಳುತ್ತಾರೆ. ಗುಂಪಿನಲ್ಲಿ ಬರುವವರು ಹಾಗೇ ಬಂದುಬಿಡುತ್ತಾರೆ. ಪಂಪು ಯಾರ ಹತ್ತಿರವಾದರೂ ಇರುತ್ತದೆ, ದಾರಿ ಮುಂದಿನವರಿಗೆ ಗೊತ್ತಿರುತ್ತದೆ, ಕೆಟ್ಟರೆ ಹಿಂದೆ ಗಾಡಿ ಇದೆ ಎಂಬ ಧೈರ್ಯ. ಎಲ್ಲರೂ ಹೀಗೇ ಅಂದುಕೊಂಡರೆ ಇಪ್ಪತ್ತು ಬೈಕಿಗೆ ಒಂದು ಪಂಪೂ ಇರುವುದಿಲ್ಲ. ಬಿದ್ದರೆ ಎತ್ತಲು ಜನ ಇರುತ್ತಾರೆ ಎಂಬುದು ಗುಂಪಿನ ನಿಜವಾದ ಲಾಭ. ಅದು ದೊಡ್ಡ ಲಾಭವೇ, ಆದರೆ ಅದಕ್ಕೆ ಇನ್ನೈದು ಜನ ಸಾಕು.

ಆರು ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಕೇಳುತ್ತೀರಿ. 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದಿನ ಬೈಕಿನಿಂದ ಎರಡು ಸೆಕೆಂಡು ಅಂತರ ಬಿಟ್ಟರೆ 33 ಮೀಟರ್ ಆಯಿತು. ಇಪ್ಪತ್ತು ಬೈಕುಗಳ ಸಾಲು ಹೀಗೆ 600 ಮೀಟರ್ ದಾಟುತ್ತದೆ, ಆರು ಬೈಕಿನದು 165 ಮೀಟರಿನಲ್ಲಿ ಮುಗಿಯುತ್ತದೆ. ಮುಂದಾಳಿಗೆ ಕೊನೆಯವರು ಕಾಣುವುದು ಇಷ್ಟು ಉದ್ದದವರೆಗೆ ಮಾತ್ರ.

ಅದಕ್ಕಿಂತ ದೊಡ್ಡ ತೊಂದರೆ ರೋಡ್ ಹಂಪಿನಲ್ಲಿ ಬರುತ್ತದೆ. ಸಂತೇಬೆನ್ನೂರಿನ ಮೇಲೆ ಸೂಳೆಕೆರೆಗೆ ಹೋಗುವ ದಾರಿಯಂಥ ಕಡೆ ಊರು ಬಂದಾಗಲೆಲ್ಲ ಹಂಪು. ಮುಂದಾಳು 20ಕ್ಕೆ ಇಳಿಸಿ, ದಾಟಿ, ಮತ್ತೆ 60ಕ್ಕೆ ಏರಿಸುತ್ತಾರೆ. ಹಿಂದಿನ ಪ್ರತಿಯೊಬ್ಬರೂ ಒಂದೇ ಒಂದು ಸೆಕೆಂಡು ತಡವಾಗಿ ಏರಿಸಿದರೂ ಇಪ್ಪತ್ತನೆಯವರು 19 ಸೆಕೆಂಡು ಹಿಂದೆ ಬೀಳುತ್ತಾರೆ, ಅಂದರೆ 300 ಮೀಟರಿಗೂ ಹೆಚ್ಚು. ಅದನ್ನು ತುಂಬಿಕೊಳ್ಳಲು ಅವರು 80ರ ವೇಗದಲ್ಲಿ ಒಂದೂಕಾಲು ಕಿಲೋಮೀಟರ್ ಓಡಿಸಬೇಕು. ಅಷ್ಟರಲ್ಲಿ ಇನ್ನೊಂದು ಹಂಪು ಬಂದಿರುತ್ತದೆ. ಮುಂದಾಳು ‘ನಾನು 60 ದಾಟಲೇ ಇಲ್ಲ’ ಎಂದು ಹೇಳುವುದು ನಿಜವೇ. ದಿನವಿಡೀ ಅಟ್ಟಿಸಿಕೊಂಡು ಓಡಿಸಿದವರು ಕೊನೆಯವರು. ಅಲ್ಲಿ ಸಾಮಾನ್ಯವಾಗಿ ಇರುವುದು ಹೊಸಬರು, ಇಲ್ಲವೇ 100 ಸಿಸಿ ಬೈಕಿನವರು.

ಹಾಗಾಗಿ ಸಾಲಿನ ಕ್ರಮವನ್ನೂ ತಿರುಗಿಸುತ್ತಿದ್ದೇವೆ. ಚಿಕ್ಕ ಎಂಜಿನ್ ಮತ್ತು ಹೊಸಬರು ಮುಂದಾಳಿನ ಬೆನ್ನಿಗೇ, ಎರಡನೇ ಜಾಗದಲ್ಲಿ. ತಂಡದ ವೇಗ ಅವರದೇ ವೇಗ. ಕೊನೆಗೆ ಅನುಭವಿಗಳು, ಪಂಚರ್ ಕಿಟ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಜೊತೆ. 350 ಸಿಸಿಯವರಿಗೆ ಇದು ನಿಧಾನ ಅನ್ನಿಸಿದರೆ ಅವರಿಗೆ ಬೇರೆ ತಂಡ ಮಾಡಿಕೊಡುತ್ತೇವೆ. 100 ಸಿಸಿ ಬೈಕನ್ನು ಗಂಟೆಗಟ್ಟಲೆ 80ರಲ್ಲಿ ಎಳೆಸುವುದು ಸರಿಯಲ್ಲ. ಅದರಲ್ಲಿರುವುದು ಲೀಟರ್ ಆಸುಪಾಸು ಆಯಿಲ್. ಅದು ಕಾದು ತೆಳುವಾಗುತ್ತದೆ, ಹಳೆ ಎಂಜಿನ್ನಾದರೆ ಸುಡುತ್ತಲೂ ಹೋಗುತ್ತದೆ.

ಅಗಲವಾದ ನೇರ ರಸ್ತೆಯಲ್ಲಿ ಒಬ್ಬರು ಎಡಕ್ಕೆ, ಹಿಂದಿನವರು ಬಲಕ್ಕೆ, ಹೀಗೆ ಓರೆಯಾಗಿ ಹೋಗಿ. ಓರೆಯಲ್ಲಿರುವವರಿಗೆ ಒಂದು ಸೆಕೆಂಡು, ನೇರ ಮುಂದಿರುವವರಿಗೆ ಎರಡು ಸೆಕೆಂಡು ಅಂತರ. ತಿರುವು, ಸೇತುವೆ, ಕಿರಿದಾದ ಊರಬೀದಿ ಬಂತೆಂದರೆ ಒಂದೇ ಸಾಲು. ಜೋಡಿಯಾಗಿ ಪಕ್ಕಪಕ್ಕ ಹೋಗುವುದು ಎಲ್ಲಿಯೂ ಬೇಡ. ಗುಂಡಿ ತಪ್ಪಿಸಲು ಪಕ್ಕದಲ್ಲಿ ಜಾಗವೇ ಇರುವುದಿಲ್ಲ.

ಓವರ್‌ಟೇಕ್ ವಿಷಯವನ್ನು ದಯವಿಟ್ಟು ಎರಡು ಸಲ ಓದಿ. 50ರಲ್ಲಿ ಹೋಗುವ ಲಾರಿಯನ್ನು 70ರಲ್ಲಿ ದಾಟಲು ಹತ್ತಿರ ಹತ್ತಿರ 10 ಸೆಕೆಂಡು ಬೇಕು, ಅಷ್ಟರಲ್ಲಿ ನೀವು 190 ಮೀಟರ್ ಹೋಗಿರುತ್ತೀರಿ. ಎದುರಿನ ಗಾಡಿಯೂ 70ರಲ್ಲಿದ್ದರೆ ಅದೂ ಅಷ್ಟೇ ಬಂದಿರುತ್ತದೆ. ಅಂದರೆ ಎರಡು ಲೇನಿನ ರಸ್ತೆಯಲ್ಲಿ ನಿಮಗೆ 400 ಮೀಟರ್ ಖಾಲಿ ಕಾಣಬೇಕು. ಮುಂದಿನವರಿಗೆ ಕಂಡ 400 ಮೀಟರ್, ಮೂರು ಸೆಕೆಂಡು ತಡವಾಗಿ ಹೊರಡುವ ನಿಮ್ಮ ಪಾಲಿಗೆ ಉಳಿದಿರುವುದಿಲ್ಲ. ‘ಬಾ’ ಎಂದು ಕೈ ಬೀಸುವುದನ್ನು ನಮ್ಮ ಸವಾರಿಯಲ್ಲಿ ನಿಲ್ಲಿಸಿದ್ದೇವೆ. ಒಬ್ಬೊಬ್ಬರೂ ಒಂಟಿಯಾಗಿದ್ದಂತೆಯೇ ನೋಡಿ, ತೀರ್ಮಾನಿಸಿ, ದಾಟಿ. ದಾಟಿದವರು ಲಾರಿಯ ಮುಂದೆ ಹಿಂದಿನವರಿಗೆ ಜಾಗ ಬಿಟ್ಟು ಮುಂದೆ ಸಾಗಿ.

ಯಾರೂ ತಪ್ಪಿಹೋಗದಿರಲು ಒಂದೇ ನಿಯಮ: ನಿಮ್ಮ ಹಿಂದಿನವರ ಹೆಡ್‌ಲೈಟು ಕನ್ನಡಿಯಲ್ಲಿ ಇರಬೇಕು. ಕಾಣದಿದ್ದರೆ ನಿಧಾನ ಮಾಡಿ, ನಿಮ್ಮನ್ನು ನೋಡಿ ಮುಂದಿನವರೂ ಮಾಡುತ್ತಾರೆ. ದಾರಿ ಬದಲಾಗುವ ಕಡೆ ಹಿಂದಿನವರು ಬರುವ ತನಕ ರಸ್ತೆಯಂಚಿಗೆ ಸರಿದು ನಿಲ್ಲಿ. 2017ರ ಏಪ್ರಿಲ್ ನಂತರ ತಯಾರಾದ ಬೈಕುಗಳಲ್ಲಿ ಹೆಡ್‌ಲೈಟು ತಾನಾಗಿ ಉರಿಯುತ್ತದೆ, ಹಳೆಯ ಬೈಕಿನವರು ಹಗಲಲ್ಲೂ ಸ್ವಿಚ್ ಹಾಕಿಕೊಳ್ಳಿ. ಪೆಟ್ರೋಲಿಗೆ ನಿಲ್ಲುವುದು ಅತಿ ಚಿಕ್ಕ ಟ್ಯಾಂಕಿನ ಲೆಕ್ಕದಲ್ಲಿ. ನಿಂತಾಗ ಆರೂ ಜನ ತುಂಬಿಸಿ.

ಇನ್ನು ಶನಿವಾರದ ತಪಾಸಣೆ. ಚೈನಿನ ಸಡಿಲ ಹೆಚ್ಚಿನ ಬೈಕುಗಳಲ್ಲಿ 25ರಿಂದ 30 ಮಿ.ಮೀ. ಇರಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆಯುತ್ತೇವೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಇದ್ದರೆ ಚೈನ್, ಸ್ಪ್ರಾಕೆಟ್ ಸವೆದಿವೆ ಎಂದರ್ಥ, ಬಿಗಿ ಮಾಡಿ ಪ್ರಯೋಜನವಿಲ್ಲ. ಅತಿ ಬಿಗಿಯಾದ ಚೈನು ಗೇರ್‌ಬಾಕ್ಸಿನ ಬೇರಿಂಗನ್ನೇ ತಿನ್ನುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದರೆ 2021ರ 23ನೇ ವಾರದಲ್ಲಿ ಮಾಡಿದ್ದು. ಟಯರಿನ ಮೇಲ್ಮೈ ಸವೆದಿರದಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ದೂರದ ಸವಾರಿಗೆ ಬೇಡ ಎನ್ನುತ್ತೇವೆ. ಕ್ಲಚ್ ಕೇಬಲ್ ತುಂಡಾಗುವುದು ಬಹುತೇಕ ಲಿವರಿನ ಬುಡದಲ್ಲಿ. ಅಲ್ಲಿ ಒಂದೆರಡು ಎಳೆ ಬಿಟ್ಟುಕೊಂಡಿದ್ದರೆ ಅದೇ ಮುನ್ಸೂಚನೆ. ಒಂಟಿ ಸವಾರರಿಗೆ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಟ್ಯಾಂಕಿನ ಕೆಳಗೆ ಎಳೆದು ಕಟ್ಟಿಕೊಡುತ್ತೇವೆ. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ. ಬ್ರೇಕ್ ಲೈಟನ್ನು ಕೈ ಬ್ರೇಕ್, ಕಾಲು ಬ್ರೇಕ್ ಎರಡರಲ್ಲೂ ಬೇರೆಬೇರೆಯಾಗಿ ನೋಡುತ್ತೇವೆ. ಮುಂದಿನ ಸ್ವಿಚ್ ಕೆಟ್ಟಿರುವುದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ಗುಂಪಿನಲ್ಲಿ ಹಿಂದಿನವರ ಜೀವ ಇರುವುದು ಆ ಬಲ್ಬಿನಲ್ಲಿ.

ಒಂಟಿಯಾಗಿ ಹೋಗುವವರು ಜೊತೆಗಿಟ್ಟುಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಟ್ಯೂಬ್‌ಲೆಸ್ ಆದರೆ ತೂತಿಗೆ ತುರುಕುವ ಪಂಚರ್ ಎಳೆ ಐದು ಮತ್ತು ಪಂಪು. ಟ್ಯೂಬ್ ಇರುವ ಚಕ್ರವಾದರೆ ಹೊಸ ಟ್ಯೂಬು, ಟಯರ್ ಲಿವರ್ ಎರಡು, ಹಿಂದಿನ ಚಕ್ರದ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್. ಬೈಕಿನ ಜೊತೆ ಬಂದ ಟೂಲ್ ಕಿಟ್ಟಿನಲ್ಲಿ ಅದು ಇದೆಯೇ ಎಂದು ಮನೆಯಲ್ಲೇ ಹಾಕಿ ನೋಡಿ. ಒಂದು ಸ್ಪಾರ್ಕ್ ಪ್ಲಗ್, ಎರಡು ಫ್ಯೂಸ್, ಚೈನಿನ ಕೊಂಡಿ ಸೇರಿಸುವ ಲಾಕ್ ಒಂದು. ಫೋನು ಹ್ಯಾಂಡಲಿನ ಹೋಲ್ಡರಿನಲ್ಲಲ್ಲ, ಮೈಮೇಲಿನ ಜೇಬಿನಲ್ಲಿರಲಿ. ಬಿದ್ದಾಗ ಬೈಕು ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ. ದಾರಿ ಮತ್ತು ವಾಪಸಾಗುವ ಹೊತ್ತನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033.

ನಮ್ಮ ಕಡೆಯ ರಸ್ತೆಯ ಬಗ್ಗೆ ಎರಡು ಮಾತು. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಳ್ಳಿ ರಸ್ತೆಯ ಅರ್ಧಕ್ಕೆ ಕಾಳು ಒಣಗಿಸಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗೋಲಿಯ ಮೇಲೆ ಹಿಡಿದಂತೆ. ಮೊದಲೇ ವೇಗ ಇಳಿಸಿ, ಬೈಕು ವಾಲಿಸದೆ ನೇರ ದಾಟಿ. ಮಳೆಗಾಲದ ಗಾಳಿಯಲ್ಲಿ ಚಿತ್ರದುರ್ಗದ ಗಾಳಿಯಂತ್ರದ ಗುಡ್ಡಗಳ ಹತ್ತಿರ ಲಾರಿ ದಾಟುವಾಗ ಅದರ ಮರೆಯಲ್ಲಿ ಗಾಳಿ ನಿಂತಂತಾಗಿ, ಮುಂದೆ ಬಂದ ಕೂಡಲೇ ಒಮ್ಮೆಗೇ ಬಡಿಯುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿಕೊಳ್ಳಿ. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿರುತ್ತವೆ. ಅದಕ್ಕೇ ನಮ್ಮ ಎಲ್ಲ ತಂಡಗಳೂ ಸಂಜೆ 5ಕ್ಕೆ ದಾವಣಗೆರೆ ಮುಟ್ಟುವಂತೆ ಹೊರಡುತ್ತವೆ.

ಇದುವರೆಗೆ ಒಬ್ಬರೇ 100 ಕಿ.ಮೀ. ಓಡಿಸಿಲ್ಲದವರು ಮೊದಲು ಹಗಲಲ್ಲಿ ಚಿತ್ರದುರ್ಗಕ್ಕೆ ಹೋಗಿ ಬನ್ನಿ, ಹೋಗಿ ಬರಲು ಸುಮಾರು 120 ಕಿ.ಮೀ. ಆಗುತ್ತದೆ. ಆಮೇಲೆ ತಂಡಕ್ಕೆ ಸೇರಿ.

ತಪಾಸಣೆ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ತನ್ನಿ. ಐಎಸ್‌ಐ ಗುರುತಿನ ಹೆಲ್ಮೆಟ್ ಹಿಂದೆ ಕೂರುವವರಿಗೂ ಬೇಕು. ಹಳೆಯ ಕ್ರಮದಲ್ಲಿ ಮುಂಗಡ ಕಟ್ಟಿದವರ ಹಣವನ್ನು ತಪಾಸಣೆಗೆ ಹೊಂದಿಸುತ್ತೇವೆ, ವಾಪಸು ಬೇಕೆಂದರೆ ಅದೇ ದಿನ ಕೊಡುತ್ತೇವೆ.

ಇಂತಿ,
ದಾವಣಗೆರೆಯ ನಿಮ್ಮ ಗ್ಯಾರೇಜಿನ ಕೆಲಸಗಾರರು